ಟ್ಯಾಂಕಿಗುಡ್ಡೆ: ಭರಣಿಯ ಮೇಲಿನ ಕಲ್ಲು

"ಇಗೊಳ್ಳಿ ಮೇಡಂ, ಇದು ಒಂದು. ಅದು ಎರಡು. ಮೂರನೆಯದ್ದು ಆ ಮೂಲೆಯಲ್ಲಿ."

ಸಮದ್ ಹಳೆಯ ಮದ್ದಿನ ತೊಟ್ಟಿಯೊಳಗೆ ಇಳಿದು ನಿಂತಿದ್ದ. ಗೋಡೆಯ ತೂತಿಗೆ ಕೈ ತೂರಿಸಿದ. ಬೆರಳು ಈಚೆ ನನ್ನ ಕಣ್ಣೆದುರು ಬಂದು ಆಡಿತು.

"ಹೊಡೆದದ್ದು ಯಾರು?"

"ನಾನೇ. ನನ್ನ ಮೆಷಿನಿನಲ್ಲೇ."

ಇಷ್ಟು ಧೈರ್ಯದಲ್ಲಿ ಒಪ್ಪಿಕೊಳ್ಳುವ ಕಳ್ಳನನ್ನು ನಿವೃತ್ತಳಾಗುವವರೆಗಿನ ಮೂವತ್ತನಾಲ್ಕು ವರ್ಷದ ಪೊಲೀಸ್ ಕೆಲಸದಲ್ಲಿ ನಾನು ಕಂಡದ್ದಿಲ್ಲ.

ಹೋದ ವಾರ ತಪ್ಪಿಸಿಕೊಂಡವರಿಗೆ ಎರಡೇ ಮಾತು. ಕಾಣಿಯೂರಿನ ಆಚೆ ಟ್ಯಾಂಕಿಗುಡ್ಡೆಯ ಮೇಲೆ ಆರು ಕಾಲಿನ ಹಳೇ ಕಾಂಕ್ರೀಟಿನ ನೀರಿನ ಟ್ಯಾಂಕಿ ಉಂಟಲ್ಲ, ಸರಕಾರ ಪಾರಂಪರಿಕ ಕಟ್ಟಡ ಎಂದು ಕಾಪಾಡುತ್ತಿರುವುದು, ಅದರ ಗಟ್ಟಿತನ ನೋಡಲು ಕಂಬದಿಂದ ಮೂರು ತುಂಡು ಕೊರೆದು ಪರೀಕ್ಷೆಗೆ ಕಳಿಸಿದ್ದರು. 'ಪೂರ್ತಿ ಕೊಳೆತಿದೆ, ಬೀಳಿಸಿ' ಎಂದು ವರದಿ ಬಂತು. ಆದರೆ ಪರೀಕ್ಷೆಗೆ ಹೋದ ತುಂಡುಗಳ ಒಂದು ಮುಖದಲ್ಲಿ ಮೈಲುತುತ್ತಿನ ನೀಲಿ ಕಂಡದ್ದರಿಂದ ಅವು ಟ್ಯಾಂಕಿಯದ್ದೇ ಅಲ್ಲ, ದಾರಿಯಲ್ಲಿ ಯಾರೋ ಬದಲಿಸಿದ್ದಾರೆ ಎಂದು, ಟ್ಯಾಂಕಿ ಉಳಿಸಲು ಓಡಾಡಿದ ರಾಧಾಕೃಷ್ಣ ಮಾಸ್ಟ್ರು ಪತ್ತೆಗೆ ಕರೆಸಿದ ನಾನು ಹಿಡಿದೆ.

ಯಾರು ಬದಲಿಸಿದ್ದು? ಟ್ಯಾಂಕಿಯ ತುಂಡು ಕೊರೆದವನು ಸಮದ್, ಆ ಮೆಷಿನು ಇದ್ದದ್ದೂ ಅವನ ಹತ್ತಿರ ಮಾತ್ರ. ನಿನ್ನೆ ವರದಿಯಲ್ಲಿ ಅವನ ಹೆಸರು ಬರೆದು ಸಹಿ ಹಾಕಿ ಕೊಟ್ಟೆ. ಪತ್ತೆ ಮುಗಿಯಿತು ಎಂದು ಮನೆಗೆ ಹೋಗಿ ಗಂಜಿ ಉಂಡು ಮಲಗಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಇವತ್ತು ಆ ನೀಲಿ ಎಲ್ಲಿಯದ್ದು ಎಂದು ಕೇಳಿದಾಗ ಅವನೇ ಈ ತೊಟ್ಟಿಗೆ ಕರೆದುಕೊಂಡು ಬಂದ.

ಮೈಲುತುತ್ತು ಎಂದರೆ ಗೊತ್ತಲ್ಲ, ಸುಣ್ಣದ ಜೊತೆ ಕಲಸಿ ಅಡಿಕೆಗೆ ಹೊಡೆಯುವ ನೀಲಿ ಮದ್ದು. ಈ ತೊಟ್ಟಿಯಲ್ಲಿ ಐವತ್ತು ವರ್ಷ ಅದನ್ನೇ ಕಲಸಿದ್ದು. ಪ್ಲಾಸ್ಟಿಕ್ ಡ್ರಮ್ ಬಂದ ಮೇಲೆ ಯಾರೂ ತಿರುಗಿ ನೋಡಲಿಲ್ಲ. ಒಳಗೋಡೆ ಪೂರ್ತಿ ನೀಲಿ, ಕೈಯಿಟ್ಟರೆ ಸಿಮೆಂಟು ಹಿಟ್ಟಿನ ಹಾಗೆ ಉದುರುತ್ತದೆ. ಅಂಥ ಗೋಡೆಯಲ್ಲಿ ಮೂರು ಹೊಸ ತೂತು, ದುಂಡಗೆ, ಚೊಕ್ಕವಾಗಿ.

"ಯಾಕೆ ಹೊಡೆದದ್ದು ಇಲ್ಲಿ?"

"ಅಮ್ಮ ಹೇಳಿದ್ರು. ಟ್ಯಾಂಕಿಯ ಕೆಲಸ ಮಧ್ಯಾಹ್ನಕ್ಕೆ ಮುಗಿದಿತ್ತು. ಊಟ ಹಾಕಿ ಹೇಳಿದ್ರು, ಹೇಗೂ ಮೆಷಿನು ಬಂದಿದೆಯಲ್ಲ ಸಮದ್, ಆ ತೊಟ್ಟಿಗೆ ನೀರು ಹೋಗ್ಲಿಕ್ಕೆ ಮೂರು ತೂತು ಹೊಡೆದು ಕೊಡು, ಮಣ್ಣು ತುಂಬಿಸಿ ಮಲ್ಲಿಗೆ ನೆಡ್ತೇನೆ ಅಂತ."

"ತುಂಡು ಎಂತ ಮಾಡಿದಿ?"

"ಅಲ್ಲೇ ಬಿಡು, ಮತ್ತೆ ನೋಡುವ ಅಂದ್ರು. ಬಿಟ್ಟೆ."

"ಇದನ್ನು ನಿನ್ನೆ ಯಾಕೆ ಹೇಳ್ಲಿಲ್ಲ ಮಾರಾಯ?"

ಸಮದ್ ತೊಟ್ಟಿಯೊಳಗಿಂದಲೇ ನನ್ನ ಮುಖ ನೋಡಿದ. "ನಿನ್ನೆ ನೀವು ನನ್ನತ್ರ ಕೇಳಿದ್ರಾ ಮೇಡಂ?"

ಕೇಳಿರಲಿಲ್ಲ. ಅವನ ಉಮ್ಮ, ಅಂದರೆ ತಾಯಿ ಕದೀಜಮ್ಮ, ಊರಿನ ಗುಸುಗುಸು ಕೇಳಿ ಮೊನ್ನೆಯೇ ನನ್ನ ಗೇಟಿನವರೆಗೆ ಬಂದು 'ನನ್ನ ಮಗ ಅಂಥವನಲ್ಲ' ಎಂದಾಗ, ಎಲ್ಲ ತಾಯಂದಿರೂ ಹೇಳುವುದು ಅದನ್ನೇ ಎಂದು ಕಳಿಸಿಬಿಟ್ಟಿದ್ದೆ.

ಹೊತ್ತು ನೋಡಿದೆ. ಎರಡೂವರೆ. ನಾಲ್ಕು ಗಂಟೆಗೆ ಸ್ಟೇಷನ್ನಿನಿಂದ ಡೊಂಬಯ್ಯ ಬರುವವನಿದ್ದ. ದೂರು ಬರೆದು ತಯಾರಿತ್ತು, ಮಾಸ್ಟ್ರ ಸಹಿಯೊಂದೇ ಬಾಕಿ. ಸಹಿ ಬಿದ್ದರೆ ಸಮದ್ ಒಳಗೆ. ಸಂರಕ್ಷಿತ ಕಟ್ಟಡದ ಕೇಸು, ಸುಲಭದಲ್ಲಿ ಜಾಮೀನು ಸಿಗುವುದಿಲ್ಲ.

ಮತ್ತು ಆ ತೊಟ್ಟಿ ಇದ್ದದ್ದು ಎಲ್ಲಿ? ದೂರು ಕೊಡುವ ರಾಧಾಕೃಷ್ಣ ಮಾಸ್ಟ್ರ ಹಿತ್ತಲಿನಲ್ಲಿ. ಸಮದ್ 'ಅಮ್ಮ' ಎಂದದ್ದು ಮಾಸ್ಟ್ರ ಹೆಂಡತಿ ಪರಮೇಶ್ವರಿಗೆ. ಒಂದನೇ ಕ್ಲಾಸಿನಿಂದ ಹತ್ತನೆಯವರೆಗೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತ ಪರಮೇಶ್ವರಿಗೆ.

"ನೀನು ಜಗಲಿಯಲ್ಲಿ ಕೂತಿರು" ಎಂದೆ ಸಮದನಿಗೆ. "ಎಲ್ಲಿಗೂ ಹೋಗ್ಬೇಡ. ನಾನು ಒಳಗೆ ಮಾತಾಡಿ ಬರ್ತೇನೆ."

ಅಡುಗೆಮನೆಯಲ್ಲಿ ಪರಮೇಶ್ವರಿ ನೆಲದಲ್ಲಿ ಕೂತು ಉಪ್ಪುಸೊಳೆಯ ಭರಣಿಯ ಬಾಯಿ ಬಿಚ್ಚುತ್ತಿದ್ದಳು.

"ಬಾ ಕುಮುದಾ. ನಿನಗೆ ಅಂತಲೇ ಸೊಳೆ ರೊಟ್ಟಿ ಮಾಡುವ ಅಂತ ಇದ್ದೆ. ಮಾಸ್ಟ್ರು ಪೇಟೆಗೆ ಹೋಗಿದ್ದಾರೆ, ಈಗ ಬರ್ತಾರೆ."

ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮೇಲೆ ಭಾರ ಬೇಕು, ಇಲ್ಲದಿದ್ದರೆ ಕೆಡುತ್ತದೆ. ಭರಣಿಯ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ನಮ್ಮ ಕಡೆ ಯಾವ ಮನೆಗೆ ಹೋದರೂ ಹೀಗೇ. ಯಾರೂ ಆ ಕಲ್ಲನ್ನು ನೋಡುವುದಿಲ್ಲ. ನಾನೂ ಈ ಹದಿನೈದು ದಿನದಲ್ಲಿ ನಾಲ್ಕು ಸಲ ಈ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಿದ್ದೆ.

ಅವಳು ಆ ಭಾರವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು.

ಒಂದು ಗೇಣು ಉದ್ದ, ಬಾಳೆದಿಂಡಿನಷ್ಟು ದಪ್ಪ. ಸುತ್ತಲೂ ನುಣ್ಣಗೆ ಕೊರೆದದ್ದು. ಸಿಮೆಂಟಿನ ನಡುವೆ ದುಂಡು ದುಂಡು ಕಲ್ಲು, ಕಂದು, ಬಿಳಿ, ಒಂದೆರಡು ಕಪ್ಪು.

ಈಗಿನ ಯಾವ ಕಾಂಕ್ರೀಟಿನಲ್ಲಿ ದುಂಡು ಕಲ್ಲು ಉಂಟು ಹೇಳಿ? ಎಲ್ಲ ಕ್ರಶರಿನ ಚೂಪು ಜಲ್ಲಿ. ಟ್ಯಾಂಕಿ ಕಟ್ಟುವಾಗ ಕುಮಾರಧಾರೆಯಿಂದ ಎತ್ತಿನ ಗಾಡಿಯಲ್ಲಿ ಹೊಳೆಗಲ್ಲು ಹೊತ್ತು ತಂದಿದ್ದರಂತೆ. ಇದನ್ನು ಮಾಸ್ಟ್ರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ, ಪ್ರತಿ ಸಲ ಕಣ್ಣಲ್ಲಿ ನೀರು ತಂದುಕೊಂಡು.

ನಾನು ಬಗ್ಗಿ ಅದನ್ನು ಎತ್ತಿಕೊಂಡೆ. ನಾಲ್ಕು ಕಿಲೋ ಹತ್ತಿರ ಭಾರ. ಉಗುರಿನಲ್ಲಿ ಕೆರೆದೆ. ಒಂದು ಹುಡಿ ಉದುರಲಿಲ್ಲ.

"ಪರಮಾ, ಇದು ಎಲ್ಲಿಂದ ಬಂತು?"

ಅವಳ ಕೈ ಭರಣಿಯೊಳಗೆ ಇತ್ತು, ಅಲ್ಲೇ ನಿಂತಿತು.

"ಎಂತದು? ಆ ಕಲ್ಲಾ? ತೋಡಿನ ನೀರಿನಲ್ಲಿ ಸಿಕ್ಕಿದ್ದು."

"ಸುಳ್ಳು ಹೇಳುದಾದ್ರೆ ಸ್ವಲ್ಪ ಚಂದಕ್ಕೆ ಹೇಳು ಮಾರಾಯ್ತಿ. ಹಿತ್ತಲಿನ ತೊಟ್ಟಿ ನೋಡಿ ಬಂದೆ ನಾನು. ಸಮದ್ ಜಗಲಿಯಲ್ಲಿ ಕೂತಿದ್ದಾನೆ."

ಅವಳು ಕೈ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡಳು. ಒಂದೊಂದೇ ಬೆರಳು. ಚಿಕ್ಕಂದಿನಲ್ಲಿ ಲೆಕ್ಕದ ಟೀಚರು ನಿಲ್ಲಿಸಿ ಕೇಳಿದಾಗಲೂ ಹೀಗೇ ಮಾಡುತ್ತಿದ್ದಳು.

"ಬಾಕಿ ಎರಡು ತೋಡಿಗೆ ಹಾಕಿದೆ" ಎಂದಳು ಕೊನೆಗೆ. "ಇದೊಂದು ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಇಷ್ಟು ಸರಿಯಾದ ಭಾರ ಎಲ್ಲಿ ಸಿಗ್ತದೆ? ಆ ಹಳೇ ಕಲ್ಲು ಹಲಗೆಯಲ್ಲಿ ಸರಿ ಕೂರ್ತಿರಲಿಲ್ಲ."

ನನಗೆ ಅಲ್ಲೇ ನಗು ಬಂತು, ಸತ್ಯವಾಗಿ. ಇಡೀ ಇಲಾಖೆಯನ್ನು ಮಂಗ ಮಾಡಿದವಳು ಒಂದು ಒಳ್ಳೆ ಕಲ್ಲು ಬಿಸಾಡಲಾರದೆ ಸಿಕ್ಕಿಬಿದ್ದಿದ್ದಳು. ಆ ನಗು ಕೊನೆಗೆ ಅಳುವಿನ ಹಾಗಾಯಿತು.

"ಹೇಗೆ ಮಾಡಿದಿ?"

"ಟ್ಯಾಂಕಿಯ ತುಂಡೆಲ್ಲ ನಮ್ಮ ಜಗಲಿಯಲ್ಲೇ ಇತ್ತಲ್ಲ, ಗೋಣಿಯಲ್ಲಿ. ಇಲಾಖೆಯ ಜೀಪು ಮರುದಿನ ಬರುದು ಅಂತ. ಸಂಜೆ ಇವರು ಭಜನೆಗೆ ಹೋದ್ರು. ತೊಟ್ಟಿಯ ತುಂಡಿಗೆ ಹುಣಸೆಹುಳಿ ಹಾಕಿ ತಿಕ್ಕಿದೆ. ಆ ನೀಲಿ ಪೂರ್ತಿ ಹೋಗ್ಲಿಲ್ಲ. ಇವರ ಡ್ರಾಯಿಂಗ್ ಪೆಟ್ಟಿಗೆಯ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಗೋಣಿಗೆ ಹಾಕಿದೆ. ಅಷ್ಟೇ."

"ಅಷ್ಟೇ! ನಿನ್ನ ಗಂಡ ಹನ್ನೊಂದು ವರ್ಷ ಚಪ್ಪಲಿ ಸವೆಸಿ ಉಳಿಸಿದ ಟ್ಯಾಂಕಿ ಅದು. ಸೋಮವಾರ ಪಾರಂಪರಿಕ ಪಟ್ಟಿಯಿಂದ ತೆಗೀತಾರೆ, ಮತ್ತೆ ಜೆಸಿಬಿ ಬರ್ತದೆ. ಇನ್ನೊಮ್ಮೆ ಕೊರೆಯಲಿಕ್ಕೆ ಇಲಾಖೆ ಒಪ್ಪುದಿಲ್ಲ ಅಂತ ನಿನಗೆ ಗೊತ್ತುಂಟು. ಅವರು ಆ ಟ್ಯಾಂಕಿಯ ಚಿತ್ರ ಎಷ್ಟು ಬರೆದಿದ್ದಾರೆ? ಇನ್ನೂರು?"

"ಮುನ್ನೂರ ಹನ್ನೆರಡು" ಎಂದಳು ಪರಮೇಶ್ವರಿ. "ಮಗಳದ್ದು ಎಷ್ಟು ಬರೆದಿದ್ದಾರೆ ಗೊತ್ತುಂಟಾ? ಒಂದು. ಅದು ಕೂಡ ಟ್ಯಾಂಕಿಯ ಕೆಳಗೆ ನಿಲ್ಲಿಸಿ."

"ಗುಡ್ಡೆಯ ಕೆಳಗಿನ ಹದಿನೈದು ಸೆಂಟ್ಸ್ ಜಾಗ ನನ್ನ ತವರಿನವರು ಕೊಟ್ಟದ್ದು, ನನ್ನ ಹೆಸರಲ್ಲಿ ಉಂಟು. ಮಗಳು ಸಮನ್ವಿತಾ ಗಂಡನ ಹತ್ತಿರ ಪೆಟ್ಟು ತಿಂದು ಮಗುವನ್ನು ಎತ್ತಿಕೊಂಡು ಬಂದಳಲ್ಲ, ಅವಳಿಗೆ ಅಲ್ಲೊಂದು ಸಣ್ಣ ಮನೆ ಕಟ್ಟಿಕೊಡುವ ಅಂತ ಅರ್ಜಿ ಹಾಕಿದೆವು. ಸಂರಕ್ಷಿತ ಕಟ್ಟಡದಿಂದ ನೂರು ಮೀಟರ್ ಒಳಗೆ ಕಟ್ಟುವ ಹಾಗಿಲ್ಲ ಅಂತ ಒಬ್ಬರು ತಕರಾರು ಕೊಟ್ರು. ಯಾರು ಅಂತ ಕೇಳು."

"ಯಾರು?"

"ಇವರೇ. ಸ್ವಂತ ಅಪ್ಪ. ಕೈಬರಹ ನೋಡಿ ಪಂಚಾಯತಿನ ಗುಮಾಸ್ತನೇ ನನಗೆ ಫೋನು ಮಾಡಿದ. ಯಾಕೆ ಹೀಗೆ ಮಾಡಿದ್ರಿ ಅಂತ ಕೇಳಿದ್ದಕ್ಕೆ, ಕಾನೂನು ನಾನು ತಂದದ್ದು, ನಾನೇ ಮುರಿಯುದು ಹೇಗೆ ಅಂತ. ಮಗಳು ಈಗ ಪುತ್ತೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದಾಳೆ. ಅಪ್ಪನ ಜೊತೆ ಮಾತಿಲ್ಲ. ಆ ಸಿಮೆಂಟಿನ ಛತ್ರಿ ಬಿದ್ದರೆ ನನ್ನ ಮಗಳಿಗೆ ಒಂದು ಮನೆ ಆಗ್ತದೆ ಕುಮುದಾ. ಬೀಳ್ಲಿ ಅದು. ನನಗೆ ಒಂದು ಚೂರೂ ಬೇಜಾರಿಲ್ಲ."

ಅವಳ ಕಡೆ ನ್ಯಾಯ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಬಡವಾಗುತ್ತಿದ್ದದ್ದು ಜಗಲಿಯಲ್ಲಿ ಕೂತವನು.

"ಸಮದನಿಗೆ ಬೇಜಾರಿಲ್ಲವಾ? ಅವನ ಹೆಸರು ಬಂದಾಗ ಬಾಯಿ ಬಿಡ್ಬೇಕಿತ್ತಲ್ಲ ನೀನು!"

"ಅವನ ಹೆಸರು ಬರೆದದ್ದು ನೀನು. ನಾನಲ್ಲ."

ಕೆನ್ನೆಗೆ ಹೊಡೆದ ಹಾಗಾಯಿತು.

"ನಾನು ಬರೆದದ್ದು ತಪ್ಪು. ಆದರೆ ಪರಮಾ, ನನ್ನನ್ನು ಈ ಪತ್ತೆಗೆ ಕರೆಸುವಾಗಲಾದರೂ ನೀನು ಮಾಸ್ಟ್ರನ್ನು ತಡೀಬಹುದಿತ್ತು."

ಅವಳು ನೆಲ ನೋಡಿಕೊಂಡು ಹೇಳಿದಳು.

"ನಿನ್ನನ್ನು ಕರೆಸ್ಲಿಕ್ಕೆ ಹೇಳಿದ್ದೇ ನಾನು. ಇವರು ಮಂಗಳೂರಿನಿಂದ ಯಾರೋ ದೊಡ್ಡವರನ್ನು ಕರೆಸ್ತೇನೆ ಅಂತ ಹೊರಟಿದ್ರು. ಕುಮುದಿನಿ ಇದ್ದಾಳಲ್ಲ, ಅವಳೇ ಸಾಕು ಅಂದೆ. ನೀನು ಊರೆಲ್ಲ ಹುಡುಕ್ತಿ, ನನ್ನ ಅಡುಗೆಮನೆ ಮಾತ್ರ ಹುಡುಕ್ಲಿಕ್ಕಿಲ್ಲ ಅಂತ ಗೊತ್ತಿತ್ತು."

ಐವತ್ತು ವರ್ಷದ ಸ್ನೇಹ. ನನ್ನ ಮದುವೆಯ ಸೀರೆಗೆ ಅಂಚು ಹೊಲಿದವಳು. ನನ್ನ ಗಂಡ ತೀರಿಕೊಂಡಾಗ ಹದಿಮೂರು ದಿನ ನನ್ನ ಮನೆಯಲ್ಲೇ ಮಲಗಿದವಳು. ನನ್ನ ಆ ನಂಬಿಕೆಯನ್ನೇ ಅಳೆದು ನೋಡಿ, ಇದು ಉಪಯೋಗಕ್ಕೆ ಬರುತ್ತದೆ ಎಂದು ಎತ್ತಿಟ್ಟುಕೊಂಡಿದ್ದಳು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ ಎಂದು ಊರೆಲ್ಲ ಹೇಳುತ್ತದೆ. ಆವತ್ತು ಅದು ಕೂಡ ಬರಲಿಲ್ಲ, ಬರೀ ಅಳು ಬಂತು.

"ಥೂ ನಿನ್ನ" ಎಂದೆ.

ಅವಳಿಗೂ ಕಣ್ಣೀರು ಬಂತು. "ಮೂರು ದಿನದಿಂದ ನಿದ್ದೆ ಇಲ್ಲ ನನಗೆ. ಸಮದನ ಮುಖ ನೋಡ್ಲಿಕ್ಕೆ ಆಗುದಿಲ್ಲ. ಇವರು ಬರ್ಲಿ, ನಾನೇ ಹೇಳ್ತೇನೆ. ಡೊಂಬಯ್ಯನ ಎದುರೇ ಹೇಳ್ತೇನೆ. ಸಾಕಾ?"

"ಬಂದಾಯ್ತು" ಎಂದಿತು ಬಾಗಿಲ ಕಡೆಯಿಂದ ಒಂದು ಸ್ವರ.

ರಾಧಾಕೃಷ್ಣ ಮಾಸ್ಟ್ರು. ಪೇಟೆಯ ಚೀಲ ಕೈಯಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ, ಮುಖದಲ್ಲಿ ರಕ್ತ ಇರಲಿಲ್ಲ.

ಅವರು ಹೆಂಡತಿಯನ್ನು ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ಆ ತುಂಡನ್ನು ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹೊಳೆಗಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು.

"ಗಟ್ಟಿ ಉಂಟಲ್ಲ" ಎಂದರು. "ನೋಡಿ ಕುಮುದಿನಿ, ಎಷ್ಟು ಗಟ್ಟಿ ಉಂಟು. ನಾನು ಹೇಳ್ತಾ ಇದ್ದೆ." ಸ್ವರ ಒಡೆಯಿತು. ಎಪ್ಪತ್ತೆರಡು ವರ್ಷದ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟರು.

ಆಗ ನನಗೆ ಸಮಾಧಾನವಾಯಿತು. ಇನ್ನು ಭಯವಿಲ್ಲ. ಟ್ಯಾಂಕಿ ಉಳಿಯಿತು, ಹುಡುಗನೂ ಉಳಿದ. ಮಗಳ ಮನೆಗೇ ತಕರಾರು ಕೊಟ್ಟ ಮನುಷ್ಯ ಇವರು, ಸುಳ್ಳಿಗೆ ಸಹಿ ಹಾಕುತ್ತಾರಾ?

"ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು ಮಾಸ್ಟ್ರು. "ನಾವಿಬ್ಬರೂ ಒಂದೈದು ನಿಮಿಷ ಮಾತಾಡ್ತೇವೆ. ಡೊಂಬಯ್ಯ ಬರ್ಲಿ, ಎಲ್ಲ ಸರಿ ಮಾಡುವ."

ನಾನು ಹೊರಗೆ ಹೋದೆ. ತುಂಡನ್ನು ಅವರ ಕೈಯಲ್ಲೇ ಬಿಟ್ಟು ಹೋದೆ. ಮೊಬೈಲಿನಲ್ಲಿ ಒಂದು ಫೋಟೋ ಕೂಡ ಹೊಡೆಯಲಿಲ್ಲ. ಬೈಯುವವರು ಬೈಯಿರಿ, ನಾನೇ ಬೈದುಕೊಂಡು ಮುಗಿದಿಲ್ಲ. ಆದರೆ ಗೆಳತಿ ಅಳುತ್ತಾ ಕೂತ ಅಡುಗೆಮನೆಯಲ್ಲಿ ಯಾರಿಗೆ ಫೋಟೋದ ನೆನಪಾಗುತ್ತದೆ?

"ಎಂತಾಯ್ತು ಮೇಡಂ?" ಸಮದ್ ಎದ್ದು ನಿಂತ.

"ಹೆದರ್ಬೇಡ. ಮುಗೀತು. ಮಾಸ್ಟ್ರಿಗೆ ಎಲ್ಲ ಗೊತ್ತಾಯ್ತು."

ಅವನು ಉಸಿರು ಬಿಟ್ಟ. ಜಗಲಿಯ ಕಂಬಕ್ಕೆ ಒರಗಿ ಕೂತು, ಬಾಟಲಿಯಲ್ಲಿದ್ದ ನೀರು ಪೂರ್ತಿ ಕುಡಿದ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಡೊಂಬಯ್ಯನ ಬೈಕು ಬಂತು. ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗ, ಈಗ ಹೆಡ್ ಕಾನ್‌ಸ್ಟೇಬಲ್. ನಮಸ್ಕಾರ ಹೇಳಿ ಮೆಟ್ಟಿಲಲ್ಲಿ ನಿಂತ.

ಮಾಸ್ಟ್ರು ಹೊರಗೆ ಬಂದರು. ಮುಖ ತೊಳೆದಿದ್ದರು. ಕೈಯಲ್ಲಿ ದೂರಿನ ಕಾಗದ, ಪೆನ್ನು. ಜಗಲಿಯ ಮೇಜಿಗೆ ಕಾಗದ ಇಟ್ಟು, ಚಿತ್ರ ಬರೆಯುವವರ ಆ ಚಂದದ ಅಕ್ಷರದಲ್ಲಿ ಸಹಿ ಹಾಕಿದರು.

ಸಮದ್ ಎದ್ದು ಕೈ ಮುಗಿದ. ದೂರು ವಾಪಸು ತೆಗೆದುಕೊಳ್ಳುವ ಕಾಗದ ಎಂದುಕೊಂಡಿದ್ದ. "ದೇವರು ನಿಮಗೆ ಒಳ್ಳೇದು ಮಾಡ್ಲಿ ಮಾಸ್ಟ್ರೇ" ಎಂದ.

ಮಾಸ್ಟ್ರು ತಲೆ ಎತ್ತಲಿಲ್ಲ. ಡೊಂಬಯ್ಯ ಕಾಗದ ಓದಿ ಮಡಚಿದ. "ಬಾ ಸಮದ್. ಸಾಹೇಬ್ರು ಕರೀತಿದ್ದಾರೆ."

ನನಗೆ ಅರ್ಥವಾಗಲಿಕ್ಕೆ ಇಷ್ಟು ಹೊತ್ತು ಬೇಕಾಯಿತು.

"ನಿಲ್ಲು ಡೊಂಬಯ್ಯ! ಅದು ಸುಳ್ಳು ದೂರು. ತುಂಡು ಬದಲಿಸಿದ್ದು ಪರಮೇಶ್ವರಿ. ಈಗ ನನ್ನೆದುರು ಒಪ್ಪಿಕೊಂಡಿದ್ದಾಳೆ. ಮಾಸ್ಟ್ರೂ ಕೇಳಿದ್ದಾರೆ. ಮಾಸ್ಟ್ರೇ, ಬಾಯಿ ಬಿಡಿ!"

"ನಾನು ಎಂತದೂ ಕೇಳಿಲ್ಲ" ಎಂದರು ಮಾಸ್ಟ್ರು, ಕಂಬದ ಜೊತೆ ಮಾತಾಡುವವರ ಹಾಗೆ.

"ಪರಮಾ!"

ಅವಳು ಬಾಗಿಲಿಗೆ ಬಂದಳು. ಡೊಂಬಯ್ಯ ಕೇಳಿದ. "ಹೌದಾ ಅಮ್ಮ? ಮೇಡಂ ಹೇಳುದು?"

"ಕುಮುದಾಳಿಗೆ ಬಿಸಿಲಿಗೆ ತಲೆ ತಿರುಗಿರ್ಬೇಕು" ಎಂದಳು ಪರಮೇಶ್ವರಿ. ನನ್ನ ಕಡೆ ನೋಡಲೇ ಇಲ್ಲ.

ನಾನು ಅವಳನ್ನು ದೂಡಿಕೊಂಡು ಒಳಗೆ ಓಡಿದೆ. ಭರಣಿಯ ಹಲಗೆಯ ಮೇಲೆ ಓರೆಯಾಗಿ ಆ ಹಳೇ ಕಗ್ಗಲ್ಲು ಕೂತಿತ್ತು. ಮೂಲೆ, ಅಟ್ಟ, ಒಲೆಯ ಬುಡ, ಎಲ್ಲ ನೋಡಿದೆ. ಹಿತ್ತಲ ಬಾಗಿಲು ತೆರೆದಿತ್ತು.

ತಿರುಗಿ ಬಂದು ಕೂಗಿದೆ. "ಹಿತ್ತಲಿನ ತೊಟ್ಟಿ ನೋಡು ಡೊಂಬಯ್ಯ! ಮೂರು ತೂತು ಉಂಟು!"

"ಹೊಡೆದದ್ದು ಯಾರು?" ಎಂದ ಡೊಂಬಯ್ಯ.

ಸಮದ್ ನನ್ನ ಮುಖ ನೋಡಿದ. ನಾನು ಅವನದ್ದು ನೋಡಿದೆ.

ಡೊಂಬಯ್ಯ ಹತ್ತಿರ ಬಂದು ಸ್ವರ ತಗ್ಗಿಸಿದ. ಮರ್ಯಾದೆಯಿಂದಲೇ ಹೇಳಿದ. "ಮೇಡಂ, ನಿನ್ನೆ ಸಮದ್ ಅಂತ ಬರೆದು ಕೊಟ್ಟದ್ದು ನೀವೇ. ನಿಮ್ಮ ವರದಿಯ ಮೇಲೆಯೇ ಈ ದೂರು ನಿಂತದ್ದು. ಇವತ್ತು ಮಾಸ್ಟ್ರ ಹೆಂಡತಿ ಅಂತೀರಿ. ನಾಳೆ ಯಾರು?"

ಮಾಸ್ಟ್ರು ಒಳಗೆ ಹೋದರು. ಅವರ ಹಿಂದೆ ಪರಮೇಶ್ವರಿ ಹೋದಳು. ಒಳಗಿನಿಂದ ಚಿಲಕ ಬಿತ್ತು.

ಸಮದ್ ಬೈಕಿನ ಹಿಂದೆ ಹತ್ತಿ ಕೂತ. ಅವನ ಫೋನು ಆಗಲೇ ಡೊಂಬಯ್ಯನ ಕಿಸೆಯಲ್ಲಿತ್ತು. ಬೈಕು ಶುರುವಾಗುವಾಗ ನನ್ನ ಕಡೆ ತಿರುಗಿದ. ಅವನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಉಮ್ಮನಿಗೆ ನೀವೇ ಹೋಗಿ ಹೇಳಿ ಮೇಡಂ" ಎಂದ.